ಬಾಟಲಿಯ ಕತ್ತಿಗೆ ಕಟ್ಟಿದ ಬಾತುಕೋಳಿ

ಎಲಾದಿಯಾ ಬೆನೀತೆಸ್ ಒರಳಿನಲ್ಲಿ ಸೊಪ್ಪು ಜಜ್ಜುತ್ತಿದ್ದ ಕೈಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದಳೆಂದರೆ, ಮಿರ್ನಾ ಫ್ರೆತೆಸ್ ಯಾರನ್ನೋ ಮೂಲೆಗೆ ತಳ್ಳಿದ್ದಾಳೆ ಎಂದೇ ಅರ್ಥ. ಆಸುನ್ಸಿಯೋನ್‌ನ ಹಳೆಯ ಅಂಚೆ ಕಚೇರಿಯ ಬಳಿ ತೆರೆರೆ ಎಂಬ ತಣ್ಣನೆಯ ಎಲೆಪಾನೀಯಕ್ಕೆ ಸೊಪ್ಪು ಕೊಳ್ಳಲು ಬರುವವರಿಗೆಲ್ಲ ಇದು ಗೊತ್ತಿತ್ತು. ತಣ್ಣೀರಿನ ಜಗ್ಗು ಹಿಡಿದು ನಿಂತ ಗುಮಾಸ್ತರು, "ಇವತ್ತು ಯಾರ ಸರದಿ, ನ್ಯಾ ಎಲಾದಿಯಾ?" ಎಂದು ಗೌರವದ 'ನ್ಯಾ' ಹಚ್ಚಿ ಕೇಳುವರು. ಅವಳು ತುಟಿಯ ಮೇಲೆ ಬೆರಳಿಟ್ಟು, ಪುದೀನದ ಕಟ್ಟುಗಳಿಗೆ ಒರಗಿಸಿಟ್ಟ ಫೋನಿನ ಕಡೆ ಕಣ್ಣು ತೋರಿಸುವಳು.

ಮಿರ್ನಾಳ ಪಾಡ್‌ಕಾಸ್ಟ್‌ನ ಹೆಸರು 'ಎದುರು ಕುರ್ಚಿ'. ಟೀವಿಯಲ್ಲಿ ತೆರೆಯ ಹಿಂದಿನ ಕೆಲಸ ಬಿಟ್ಟು ಬಂದ ಮಿರ್ನಾ ತನ್ನ ಚಿಕ್ಕಮ್ಮನ ಮನೆಯ ಅಂಗಳದಲ್ಲಿ ಎರಡು ಕುರ್ಚಿ, ಎರಡು ಮೈಕು ಹಾಕಿಕೊಂಡು, ಪ್ರತಿ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಒಬ್ಬೊಬ್ಬ ರಾಜಕಾರಣಿಯನ್ನು ನೇರ ಪ್ರಸಾರದಲ್ಲಿ ಮಾತಾಡಿಸುತ್ತಿದ್ದಳು. ಮಾತಿನ ಹಿಂದೆ ಕೋಳಿ ಕೂಗುವುದು, ಬಸ್ಸು ಹೋಗುವುದು ಎಲ್ಲ ಕೇಳಿಸುತ್ತಿತ್ತು. ಕೊನೆಯ ಕಾಲು ಗಂಟೆ ಕೇಳುಗರ ಕರೆಗಳಿಗೆ. ಅವಳು ಒಂದು ದಿನವೂ ದನಿ ಏರಿಸಿದವಳಲ್ಲ. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳುವಳು. ಆಗಲೂ ಬಾರದಿದ್ದರೆ ಸುಮ್ಮನಾಗಿಬಿಡುವಳು. ಆ ಮೌನಕ್ಕಾಗಿಯೇ ಎಲಾದಿಯಾ ವಾರವಿಡೀ ಕಾಯುತ್ತಿದ್ದಳು. ಒಂದು, ಎರಡು, ಮೂರು ಎಂದು ಎಣಿಸುವಳು. ಒಬ್ಬ ಸೆನೆಟರ್ ಹನ್ನೊಂದರವರೆಗೆ ತಾಳಿಕೊಂಡಿದ್ದ. ಹನ್ನೆರಡಕ್ಕೆ ತಾನಾಗಿಯೇ ಎಲ್ಲ ಕಕ್ಕಿದ್ದ.

"ಸುಮ್ನಿರೋದೂ ಒಂದು ವಿದ್ಯೆ ಕಣೇ," ಎಂದಿದ್ದಳು ಅವಳು, ಪಕ್ಕದಲ್ಲಿ ಚಿಪಾ ರೊಟ್ಟಿ ಮಾರುವ ದಾಮಿಯಾನಾಗೆ.

"ಹೌದಾ? ನಿನಗೆ ಯಾವಾಗ ಬರುತ್ತೆ ಆ ವಿದ್ಯೆ?" ಎಂದಿದ್ದಳು ದಾಮಿಯಾನಾ.

ನಿಜ ಹೇಳಬೇಕೆಂದರೆ ಎಲಾದಿಯಾಳ ಮಾತೆಲ್ಲ ಆ ಫೋನಿನ ಎದುರು ಮಾತ್ರ. "ಕೇಳು, ಮಿರ್ನಾ, ಅದನ್ನೇ ಕೇಳು!" ಎಂದು ಕೂಗುವವಳು, ನಾಲ್ಕು ಜನ ತನ್ನ ಮುಖ ನೋಡಿದರೆ ನಾಲಿಗೆ ಕಚ್ಚಿಕೊಳ್ಳುವಳು. ನಲವತ್ತೊಂದನೆಯ ವಯಸ್ಸಿಗೆ ಸಂಜೆ ಶಾಲೆ ಸೇರಿ ಓದು ಮುಗಿಸಿದ್ದಳು. ಪರೀಕ್ಷೆಯಲ್ಲಿ ಬರೆದ ಸರಿಯುತ್ತರವನ್ನು ಅಳಿಸಿ, ತಪ್ಪು ಬರೆದು, ಅದನ್ನೂ ಅಳಿಸಿ ಮತ್ತೆ ಸರಿ ಬರೆಯುವವಳು ಅವಳು. ಆ ಶಾಲೆಯ ಛಾವಣಿ ಎರಡು ವರ್ಷದಿಂದ ಸೋರುತ್ತಿತ್ತು. ರಿಪೇರಿಯ ಗುತ್ತಿಗೆ ಅಕ್ಟೋಬರಿನಲ್ಲಿ ತಾಲಾವೆರಾ ಎಂಬವನಿಗೆ ಸಿಕ್ಕಿತ್ತು. ಫೆಬ್ರವರಿಯಾದರೂ ಒಂದು ಹಂಚು ಬದಲಾಗಿರಲಿಲ್ಲ. ಹೀಗೆ ಅವನಿಗೆ ಸಿಕ್ಕಿದ್ದು ಅರವತ್ತು ಶಾಲೆ.

ಆ ಮಂಗಳವಾರ ಮಿರ್ನಾ ತನ್ನ ಪುಟದಲ್ಲಿ ಒಂದು ಫೋಟೋ ಹಾಕಿ, ಅದರ ಬಗ್ಗೆ ಮಾತಾಡಿದಳು. ಶಾಲಾ ಕಟ್ಟಡಗಳ ಖಾತೆಯ ಮಂತ್ರಿ ಓಸ್ಮಾರ್ ಲೆದೆಸ್ಮಾ ಮತ್ತು ಗುತ್ತಿಗೆದಾರ ತಾಲಾವೆರಾ ಯಾವುದೋ ತೋಟದ ಮನೆಯಲ್ಲಿ ಹೆಗಲ ಮೇಲೆ ಕೈಹಾಕಿಕೊಂಡು ಪುಟ್ಟ ಲೋಟ ಎತ್ತಿ ನಗುತ್ತಿದ್ದಾರೆ. "ತಾಲಾವೆರಾ ಯಾರು ಅಂತ ಗುತ್ತಿಗೆ ಕೊಡುವಾಗ ನನಗೆ ಗೊತ್ತೇ ಇರಲಿಲ್ಲ, ಇದು ಆಮೇಲೆ ಕ್ರಿಸ್ಮಸ್‌ಗೆ ಸಿಕ್ಕಾಗ ತೆಗೆದದ್ದು ಅಂತಾರೆ ಮಂತ್ರಿಗಳು," ಎಂದಳು ಮಿರ್ನಾ ತನ್ನ ಮೆಲುದನಿಯಲ್ಲಿ. "ಇರಬಹುದು. ನನಗೆ ಗೊತ್ತಿಲ್ಲ. ಇನ್ನು ಎರಡು ವಾರಕ್ಕೆ ಅವರೇ ನನ್ನ ಎದುರು ಕುರ್ಚಿಗೆ ಬರ್ತಾರೆ. ಈ ಫೋಟೋ ಯಾವಾಗಿನದು ಅಂತ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಊಹೆ ಬೇಡ. ಹೇಗೆ ಗೊತ್ತು ಅನ್ನೋದನ್ನೂ ಹೇಳಿ."

ಎಲಾದಿಯಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದಳು. ಮೇಜಿನ ಮೇಲೆ ಸುಟ್ಟ ಮಾಂಸದ ತಟ್ಟೆ. ಅದರ ಹಿಂದೆ ಅರ್ಧ ಮರೆಯಾದ ಒಂದು ಬಾಟಲಿ. ಒಳಗೆ ಹಸಿರು ಎಳೆ. ಬಾಟಲಿಯ ಕತ್ತಿಗೆ ಒಂದು ಬಟ್ಟೆಯ ಚೂರು, ಅದರ ಮೇಲೆ ಹಳದಿ ಬಾತುಕೋಳಿ.

"ಅಯ್ಯೋ! ದಾಮಿಯಾನಾ! ನನ್ನ ಬಾತುಕೋಳಿ!"

"ಯಾವ ಬಾತುಕೋಳಿ? ನೀನು ಯಾವಾಗ ಸಾಕಿದೆ?"

"ನನ್ನ ಅಡುಗೆಮನೆ ಪರದೆ ಕಣೇ! ಇಲ್ಲಿ ನೋಡು!"

ದಾಮಿಯಾನಾ ಕನ್ನಡಕ ಏರಿಸಿಕೊಂಡು ನೋಡಿದಳು. ನೋಡಿದವಳೇ ಚಿಪಾ ಬುಟ್ಟಿಯ ಮೇಲೆ ಕೂತುಬಿಟ್ಟಳು.

ಆಗಸ್ಟ್ ಒಂದರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮೂರು ಗುಟುಕು ಕಾರುಲಿಮ್ ಕುಡಿಯದ ಮನೆ ಆ ಊರಲ್ಲಿಲ್ಲ. ಕಬ್ಬಿನ ಸಾರಾಯಿಗೆ ನಿಂಬೆಹಣ್ಣು, ನಾಗದಾಳಿ ಸೊಪ್ಪು ಹಾಕಿ ಮಾಡಿದ್ದನ್ನು ಕುಡಿದರೆ ಆ ಕೆಟ್ಟ ತಿಂಗಳು ಮೈಗೆ ತಾಗದೆ ದಾಟುತ್ತದೆ. ಎಲಾದಿಯಾ ಪ್ರತಿ ವರ್ಷ ಜುಲೈ ಕೊನೆಯ ದಿನ ನಲವತ್ತು ಬಾಟಲಿ ಮಾಡಿ ಮಾರುತ್ತಿದ್ದಳು. ಕಳೆದ ವರ್ಷ ಬಾಟಲಿಗೆ ಕಟ್ಟುವ ರಿಬ್ಬನ್ ಮುಗಿದುಹೋಗಿ, ಕೊನೆಯ ಒಂಬತ್ತಕ್ಕೆ ಹಳೆಯ ಪರದೆಯನ್ನು ಹರಿದು ಕಟ್ಟಿದ್ದಳು. ಅವತ್ತು ದಾಮಿಯಾನಾ, "ಸಾರಾಯಿಗೆ ತೊಟ್ಟಿಲ ಬಟ್ಟೆ ಉಡಿಸಿದ್ದಾಳೆ ನೋಡಿ!" ಎಂದು ಬೀದಿಗೆಲ್ಲ ಸಾರಿ, ತಂಗಿಗೆ ಕಳಿಸಲು ಫೋಟೋ ಕೂಡ ತೆಗೆದಿದ್ದಳು.

"ಆಗಸ್ಟ್!" ಎಂದಳು ದಾಮಿಯಾನಾ. "ಗುತ್ತಿಗೆಗೆ ಎರಡು ತಿಂಗಳು ಮುಂಚೆ! ಮಂತ್ರಿ ಡ್ರೈವರ್ ಬಂದು ನಿನ್ನ ಹತ್ರ ಎರಡು ಬಾಟ್ಲಿ ತಗೊಂಡು ಹೋಗಿದ್ದ, ನನ್ನ ಕಣ್ಣಾರೆ ನೋಡಿದ್ದೀನಿ. ಹೇಳೇ, ಈಗಲೇ ಹೇಳು ಅವಳಿಗೆ!"

ಎಲಾದಿಯಾ ಫೋನು ಕೈಗೆತ್ತಿಕೊಂಡಳು. ನಾಲ್ಕು ವರ್ಷ ಕೇಳಿದ ದನಿಗೆ ಈಗ ತಾನು ದನಿ ಕೊಡಬೇಕು. ಫೋನಿನಲ್ಲಿ ಮಾತು ಮುದ್ರಿಸಿದಳು, ಅಳಿಸಿದಳು. ಮತ್ತೆ ಮುದ್ರಿಸಿದಳು. ಒಂದರಲ್ಲಿ ಕೆಮ್ಮಿದ್ದಳು, ಒಂದರಲ್ಲಿ ಬರೀ ಉಸಿರು, ಇನ್ನೊಂದರಲ್ಲಿ ಬಾತುಕೋಳಿಯ ಮಾತು ಬಿಟ್ಟು ಮಿರ್ನಾಳನ್ನು ಹೊಗಳುವುದರಲ್ಲೇ ಹೊತ್ತು ಮುಗಿದಿತ್ತು. ಅದೇ ಬಟ್ಟೆ ಇನ್ನೊಬ್ಬರ ಮನೆಯಲ್ಲೂ ಇದ್ದರೆ? ತನ್ನ ತಪ್ಪಿನಿಂದ ಮಿರ್ನಾ ಎಲ್ಲರೆದುರು ನಗೆಪಾಟಲಾದರೆ? ಜೊತೆಗೆ ಇನ್ನೊಂದು ಭಯ: ಕಾಲುದಾರಿಯ ಮೇಲಿನ ಅಂಗಡಿಗೆ ವರ್ಷವರ್ಷವೂ ಹೊಸ ಪರವಾನಗಿ ಬೇಕು. ಮಂತ್ರಿಯ ವಿರುದ್ಧ ಮಾತಾಡಿದವಳಿಗೆ ಅದು ಸಿಕ್ಕೀತೇ? ಕೊನೆಗೆ ದಾಮಿಯಾನಾ ಫೋನು ಕಿತ್ತುಕೊಂಡು, ಹದಿನೇಳನೆಯ ಮಾತನ್ನು ಹಾಗೆಯೇ ಕಳಿಸಿಬಿಟ್ಟಳು.

ಮರುದಿನ ಬೆಳಗ್ಗೆ ಬಟ್ಟೆಚೀಲ ಹಾಕಿಕೊಂಡ ಒಬ್ಬ ಗಿಡ್ಡ ಹೆಂಗಸು ಬಂದು, "ಒಂದು ಪುದೀನ ಕೊಡಿ ನ್ಯಾ. ಜಾಸ್ತಿ ಜಜ್ಜಬೇಡಿ," ಎಂದಳು.

ಎಲಾದಿಯಾಳ ಕೈಯಿಂದ ಒನಕೆ ಜಾರಿತು. ಮಿರ್ನಾ ತನ್ನ ಮುಖವನ್ನು ಎಲ್ಲೂ ತೋರಿಸಿದವಳಲ್ಲ. ಆದರೆ ಆ ದನಿ! ಇಷ್ಟು ದಿನ ಹುಲಿಯಂಥವಳನ್ನು ಊಹಿಸಿಕೊಂಡಿದ್ದರೆ, ಇಲ್ಲಿ ನೋಡಿದರೆ ಬೆವರು ಒರೆಸಿಕೊಳ್ಳುತ್ತ ನಿಂತ ಶಾಲೆ ಟೀಚರಿನಂಥ ಹೆಂಗಸು.

"ಕೂತ್ಕೊಳ್ಳಿ, ಕೂತ್ಕೊಳ್ಳಿ... ನೀವು ಬಸ್ಸಲ್ಲಿ ಬಂದ್ರಾ?" ಎಲಾದಿಯಾ ಸ್ಟೂಲನ್ನು ಒರೆಸಿ ಮುಂದಿಟ್ಟಳು.

"ಬಸ್ಸಲ್ಲೇ. ನಿಮ್ಮ ಮಾತು ಕೇಳಿದೆ, ನಂಬೋ ಹಾಗಿದೆ. ಅದಕ್ಕೇ ಪರೀಕ್ಷೆ ಮಾಡೋಣ ಅಂತ ಬಂದೆ. ನನ್ನ ತಾಯಿ ಹೇಳಿದ್ರೂ ನಾನು ಹೀಗೇ ಮಾಡೋದು, ಬೇಜಾರು ಮಾಡ್ಕೋಬೇಡಿ."

ಮಿರ್ನಾ ಪರದೆಯ ಉಳಿದ ಬಟ್ಟೆ ತರಿಸಿ ನೋಡಿದಳು. ದಾಮಿಯಾನಾ ತೆಗೆದ ಫೋಟೋದಲ್ಲಿ ಜುಲೈ ಮೂವತ್ತೊಂದರ ತಾರೀಖು ಇರುವುದನ್ನು ಎರಡು ಸಲ ನೋಡಿದಳು. ಆಮೇಲೆ ಕೇಳಿದಳು: "ಆಗಸ್ಟ್‌ನಲ್ಲಿ ಕೊಂಡ ಬಾಟಲಿ ಇಟ್ಕೊಂಡಿದ್ದು ಕ್ರಿಸ್ಮಸ್‌ಗೆ ತೆಗೆದ್ವಿ ಅಂದ್ರೆ ಅವರು?"

"ಕ್ರಿಸ್ಮಸ್‌ಗೆ ಕಾರುಲಿಮ್ಮಾ!" ದಾಮಿಯಾನಾ ಬಾಯಿ ಹಾಕಿದಳು. "ಹುಚ್ಚು ಹಿಡಿದಿದೆಯಾ ಅವನಿಗೆ?"

"ಹುಚ್ಚು ಅಪರಾಧ ಅಲ್ಲವಲ್ಲ, ನ್ಯಾ."

ಎಲಾದಿಯಾ ಫೋಟೋವನ್ನು ಮತ್ತೆ ದೊಡ್ಡದು ಮಾಡಿದಳು. ಮೂವತ್ತು ವರ್ಷ ಸೊಪ್ಪು ಮುಟ್ಟಿದ ಕೈಬೆರಳು ಆ ಹಸಿರು ಎಳೆಯ ಮೇಲೆ ನಿಂತಿತು. "ನಾಗದಾಳಿ ಹಸಿರಾಗಿದೆ," ಎಂದಳು ಮೆಲ್ಲಗೆ. "ಸಾರಾಯಿಗೆ ಬಿದ್ದ ಸೊಪ್ಪು ಹಸಿರಾಗಿ ಉಳಿಯಲ್ಲ. ಕೆಲವೇ ದಿನ. ಆಮೇಲೆ ಹೊಗೆಸೊಪ್ಪಿನ ಬಣ್ಣ. ಇದು ಕಿತ್ತು ಒಂದೆರಡು ದಿನ ಆಗಿರಬೇಕು, ಅಷ್ಟೇ."

"ಎಷ್ಟು ದಿನಕ್ಕೆ ಬಣ್ಣ ಹೋಗುತ್ತೆ?"

"ಅದು... ಎಣಿಸಿ ನೋಡಿಲ್ಲ."

"ಎಣಿಸೋಣ," ಎಂದಳು ಮಿರ್ನಾ. ಅವಳ ಕಣ್ಣು ಹೊಳೆಯುತ್ತಿತ್ತು. "ನಿಮ್ಮ ಹೆಸರು ನಾನು ಹೇಳಲ್ಲ, ಮಾತು ಕೊಡ್ತೀನಿ. ಆದರೆ ಹೆಸರಿಲ್ಲದ ಸಾಕ್ಷೀನ ಅವರು ಉಫ್ ಅಂತ ಊದಿಬಿಡ್ತಾರೆ. ಅದೂ ನಿಮಗೆ ಗೊತ್ತಿರಲಿ."

ಎಲಾದಿಯಾ ಅವತ್ತೇ ಎರಡು ಬಾಟಲಿ ಮಾಡಿದಳು. ಒಂದು ಅಂಗಡಿಯ ಮೇಲೆ ಬೆಳಕಿಗೆ. ಇನ್ನೊಂದು ಮನೆಯ ಬೀರುವಿನ ಕತ್ತಲಿಗೆ, ಏಕೆಂದರೆ ತೋಟದ ಮನೆಯಲ್ಲಿ ಕತ್ತಲಲ್ಲೂ ಇಟ್ಟಿರಬಹುದಲ್ಲ. ನ್ಯಾಯ ಎಂದರೆ ನ್ಯಾಯ. ಪ್ರತಿ ಬೆಳಗ್ಗೆ ಅಂದಿನ ಪತ್ರಿಕೆಯ ಪಕ್ಕ ಬಾಟಲಿ ಇಟ್ಟು ಫೋಟೋ ತೆಗೆಯಬೇಕು. ಸೆಕೆಯ ಫೆಬ್ರವರಿಯಲ್ಲಿ ಕಾರುಲಿಮ್ ಕಂಡ ಬೀದಿ ಸುಮ್ಮನಿರುತ್ತದೆಯೇ?

"ಏನು ನ್ಯಾ, ಕ್ಯಾಲೆಂಡರ್ ತಲೆಕೆಳಗಾಗಿ ನೇತು ಹಾಕಿದ್ದೀರಾ?" ಎಂದ ಟ್ಯಾಕ್ಸಿ ಸ್ಟ್ಯಾಂಡಿನ ಮುದುಕ ದೋನ್ ಸಿಂದುಲ್ಫೊ.

"ಔಷಧಿ. ಬಾಯಿಚಪಲಕ್ಕೆ," ಎಂದಳು ದಾಮಿಯಾನಾ. "ಮೊದಲ ಲೋಟ ನಿಮಗೇ."

ಮೂರನೆಯ ದಿನವೂ ಸೊಪ್ಪು ಹಸಿರು. ಐದನೆಯ ದಿನವೂ ಹಸಿರು. ಎಲಾದಿಯಾ ಗಂಟೆಗೊಮ್ಮೆ ಬಾಟಲಿ ಎತ್ತಿ ನೋಡಿದಳು. ತಾನು ಬಲ್ಲೆ ಎಂದುಕೊಂಡದ್ದೆಲ್ಲ ಬರೀ ಭ್ರಮೆಯೇ? ಮಿರ್ನಾಗೆ ಫೋನ್ ಮಾಡಿ, "ನನ್ನ ಮಾತು ನಂಬಬೇಡಿ, ನಾನು ಹಾಗೆ ಹೇಳಲೇಬಾರದಿತ್ತು," ಎಂದಳು. "ಐದನೇ ದಿನದ ಫೋಟೋ ಕಳಿಸಿ," ಎಂದಳು ಮಿರ್ನಾ, ಅಷ್ಟೇ. ಆರನೆಯ ದಿನ ಎಲೆಯ ತುದಿ ಹಳದಿಯಾಯಿತು. ಎಂಟಕ್ಕೆ ಇಡೀ ಎಳೆ ಮಾಸಿತು. ಹನ್ನೊಂದಕ್ಕೆ ಹೊಗೆಸೊಪ್ಪೇ! ಎಲಾದಿಯಾ ಬಾಟಲಿಯನ್ನು ಎದೆಗೊತ್ತಿಕೊಂಡು ಅಂಗಡಿಯ ಸುತ್ತ ಒಂದು ಸುತ್ತು ಬಂದಳು. ಬೀರುವಿನ ಬಾಟಲಿಯಲ್ಲಿ ಮಾತ್ರ ಇನ್ನೂ ತುಸು ಹಸಿರು ಉಳಿದಿತ್ತು. ಅದನ್ನು ಮುಚ್ಚಿಡಬಹುದಿತ್ತು, ಅವಳು ಅದರ ಫೋಟೋವನ್ನೇ ಮೊದಲು ಕಳಿಸಿದಳು. ಹದಿಮೂರಕ್ಕೆ ಅದೂ ಕಂದಿತು.

ಮಂತ್ರಿ ಬರುವ ಮಂಗಳವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ದೋನ್ ಸಿಂದುಲ್ಫೊ ತನ್ನ ಫೋನನ್ನು ಟ್ಯಾಕ್ಸಿಯ ಸ್ಪೀಕರಿಗೆ ಜೋಡಿಸಿ, ನಾಲ್ಕೂ ಬಾಗಿಲು ತೆರೆದಿಟ್ಟ. ಗುಮಾಸ್ತರು, ಬೂಟು ಪಾಲಿಶಿನವರು, ಲಾಟರಿ ಮಾರುವವಳು, ಎಲ್ಲ ಸೇರಿದರು. ಎಲಾದಿಯಾ ಒರಳಿನ ಹಿಂದೆ, ಕಂಡೂ ಕಾಣದ ಹಾಗೆ.

ಲೆದೆಸ್ಮಾ ಹರ್ಷದಿಂದಲೇ ಶುರು ಮಾಡಿದ. ಮದುವೆಗೆ ಹೋದರೆ ಅಡುಗೆಯವಳ ಹೆಸರನ್ನೂ ಕೇಳಿಕೊಂಡು ಬರುವ, ಕೈಕುಲುಕದೆ ಯಾರನ್ನೂ ಬಿಡದ ಮನುಷ್ಯ ಎಂದು ಅವನಿಗೆ ಹೆಸರಿತ್ತು. ಮಿರ್ನಾಳ ಚಿಕ್ಕಮ್ಮನ ಕೋಳಿಯನ್ನೂ ಹೊಗಳಿದ.

"ಫೋಟೋ ಯಾವಾಗಿನದು ಸಾರ್?"

"ಕ್ರಿಸ್ಮಸ್‌ದು ಅಂತ ಹೇಳಿದೆನಲ್ಲ ಮಗಳೇ."

"ಬಾಟಲಿಯಲ್ಲಿರೋ ಸೊಪ್ಪು ಯಾವುದು?"

"ಯಾವುದೋ ಹಬ್ಬದ ಅಲಂಕಾರ."

ಮಿರ್ನಾ ಪರದೆಯ ಕತೆ ಹೇಳಿದಳು, ಜುಲೈ ಮೂವತ್ತೊಂದರ ಫೋಟೋದ ಕತೆ ಹೇಳಿದಳು, ಹದಿಮೂರು ದಿನದ ಎರಡು ಬಾಟಲಿಗಳ ಕತೆಯನ್ನು ದಿನ ದಿನವಾಗಿ ಹೇಳಿದಳು. ಟ್ಯಾಕ್ಸಿಯ ಸುತ್ತ ಶಿಳ್ಳೆ ಬಿತ್ತು. ಎಲಾದಿಯಾ ಒರಳಿನ ಹಿಂದಿನಿಂದ ತಲೆ ಎತ್ತಿದಳು: ತನ್ನ ಮಾತು, ಆ ದನಿಯಲ್ಲಿ!

ಲೆದೆಸ್ಮಾ ನಕ್ಕ. "ಚೆನ್ನಾಗಿದೆ ಕತೆ. ಹೇಳಿದವರು ಯಾರು?"

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ನೋಡಿದ್ರಾ! ಈ ಊರಲ್ಲಿ ಸೊಪ್ಪು ಮಾರೋ ತಾಯಂದಿರನ್ನೆಲ್ಲ ನಾನು ಹೆಸರು ಹಿಡಿದು ಬಲ್ಲೆ. ಅವರು ನನ್ನ ಜನ. ಅವರಲ್ಲಿ ಯಾರೂ ಇಂಥ ಮಾತು ಆಡಲ್ಲ. ಅಂಥವಳೊಬ್ಬಳು ಇದ್ದಾಳೆ ಅನ್ನೋದೇ ನಿಮ್ಮ ಸೃಷ್ಟಿ, ಮಗಳೇ. ಕೇಳುಗರೇ, ಇದಕ್ಕೇನಾ ಪತ್ರಿಕೋದ್ಯಮ ಅನ್ನೋದು?"

ಮಿರ್ನಾ ಸುಮ್ಮನಾದಳು. ಎಲಾದಿಯಾ ಎಣಿಸತೊಡಗಿ ಅರ್ಧಕ್ಕೇ ನಿಲ್ಲಿಸಿದಳು. ಈ ಮೌನ ಎಂದಿನದಲ್ಲ. ಇದು ಬಾಯಿ ಕಟ್ಟಿಸಿಕೊಂಡವಳ ಮೌನ. ಕಟ್ಟಿದವಳು ತಾನು.

"ಕರೆಗಳನ್ನ ತಗೊಳ್ಳೋಣ," ಎಂದಿತು ಟ್ಯಾಕ್ಸಿ.

"ಹೋಗ್ಲಿ ಬಿಡೇ," ಎಂದಳು ದಾಮಿಯಾನಾ, ಮೊದಲ ಸಲ ಮೆತ್ತಗೆ. "ಪರವಾನಗಿ ನೆನಪಿಟ್ಕೋ."

ಎಲಾದಿಯಾ ಆಗಲೇ ನಂಬರು ಒತ್ತಿದ್ದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆ ಕಡೆಯಿಂದ ಮಿರ್ನಾ, "ಹೇಳಿ, ಯಾರು?" ಎಂದಳು.

"ನಮಸ್ಕಾರ. ನಾನು ಎಲಾದಿಯಾ ಬೆನೀತೆಸ್. ಹಳೆ ಅಂಚೆ ಕಚೇರಿ ಮೂಲೇಲಿ ಸೊಪ್ಪು ಮಾರ್ತೀನಿ."

ಅಷ್ಟೇ. ಪರದೆ, ರಿಬ್ಬನ್, ಒಂಬತ್ತು ಬಾಟಲಿ, ಎಲ್ಲ ಒಟ್ಟಿಗೆ ನುಗ್ಗಿ ಬಂದು ಯಾವುದೂ ಹೊರಗೆ ಬರಲಿಲ್ಲ. ಫೋನಿನ ಆ ತುದಿಯಲ್ಲಿ ಕೋಳಿ ಕೂಗಿತು. ಮಿರ್ನಾ ಅವಳ ನೆರವಿಗೆ ಬರಲಿಲ್ಲ. ಮೂರು. ನಾಲ್ಕು. ಐದು. ಸಾವಿರಾರು ಜನ ಕೇಳುತ್ತಿರುವಾಗ, ಹೆಸರು ಹೇಳಿದ ಒಬ್ಬ ಮತದಾರಳನ್ನು ಮಾತಾಡಿಸದೆ ಬಿಡುವುದು ಲೆದೆಸ್ಮಾನಿಂದ ಆಗುವ ಕೆಲಸವೇ ಅಲ್ಲ. ಆರಕ್ಕೆ ಅವನು ಬಾಯಿ ಬಿಟ್ಟ.

"ಓಹೋ, ನ್ಯಾ ಎಲಾದಿಯಾ! ಅಂಚೆ ಕಚೇರಿ ಮೂಲೆ! ನಿಮ್ಮನ್ನ ಗೊತ್ತಿಲ್ಲದೆ ಇರುತ್ತಾ? ನಮ್ಮ ಡ್ರೈವರ್ ನಿಮ್ಮ ಹತ್ರಾನೇ ಅಲ್ವಾ ತರೋದು! ಏನು ಕೈಗುಣ ತಾಯಿ ನಿಮ್ಮದು! ಹೋದ ಸಲ ಅಂತೂ ತಾಲಾವೆರಾ ಮೂರು ಗುಟುಕು ಅಂತ ಹೇಳಿ ಐದು ಕುಡಿದ, ಆಮೇಲೆ ಬಾಟಲಿ..."

ಮಾತು ಕತ್ತರಿಸಿದಂತೆ ನಿಂತಿತು.

ಎಲಾದಿಯಾ ಕಣ್ಣರಳಿಸಿ ಬೀದಿ ನೋಡಿದಳು. ಯಾರ ಮುಖದಲ್ಲೂ ಏನೂ ಇಲ್ಲ. ಎಲ್ಲರೂ ಕನಿಕರದಿಂದ ಅವಳನ್ನೇ ನೋಡುತ್ತಿದ್ದಾರೆ. ಆಗ ಹೊಳೆಯಿತು: ಟ್ಯಾಕ್ಸಿಗೆ ಪ್ರಸಾರ ಬರುವುದು ಇಪ್ಪತ್ತು ಸೆಕೆಂಡು ತಡವಾಗಿ. ಸ್ಪೀಕರಿನಲ್ಲಿ ಈಗಷ್ಟೇ ಅವಳದೇ ದನಿ, "ಸೊಪ್ಪು ಮಾರ್ತೀನಿ," ಎನ್ನುತ್ತಿತ್ತು. ಮಂತ್ರಿ ಆಡಿದ ಮಾತು ಇಡೀ ಬೀದಿಯಲ್ಲಿ ಅವಳೊಬ್ಬಳಿಗೇ ಗೊತ್ತು!

"ಏನಂದ? ಏನಂದ ಕಣೇ?" ದಾಮಿಯಾನಾ ತೋಳು ಹಿಡಿದು ಜಗ್ಗಿದಳು.

ಎಲಾದಿಯಾಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಟ್ಯಾಕ್ಸಿಯ ಕಡೆ ಕೈ ತೋರಿಸಿದಳು: ಬರ್ತಾ ಇದೆ, ತಡಿ.

ಬಂತು. "ಐದು ಕುಡಿದ" ಎನ್ನುವ ಹೊತ್ತಿಗೆ ಲಾಟರಿಯವಳು ಕಿರುಚಿಯಾಗಿತ್ತು. ಗುಮಾಸ್ತರು ತಣ್ಣೀರಿನ ಜಗ್ಗುಗಳನ್ನು ಬಡಿದರು. ದೋನ್ ಸಿಂದುಲ್ಫೊ ಹಾರ್ನ್ ಒತ್ತಿ ಹಿಡಿದ. ಹಿಂದಿನ ಮೂರು ಟ್ಯಾಕ್ಸಿಗಳೂ ಒತ್ತಿದವು. ದಾಮಿಯಾನಾ ಒಂದು ಬಿಸಿ ಚಿಪಾವನ್ನು ಮುರಿದು ಗೆಳತಿಯ ಬಾಯಿಗೇ ತುರುಕಲು ನೋಡಿದಳು.

ಎಲಾದಿಯಾ ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನು ಒತ್ತಿಕೊಂಡಿದ್ದಳು. ಅಲ್ಲಿ ಮಿರ್ನಾ, ಎಂದಿನ ಅದೇ ದನಿಯಲ್ಲಿ, "ತಾಲಾವೆರಾ ಐದು ಗುಟುಕು ಕುಡಿದರು. ಸರಿ ಸಾರ್. ಆಗಸ್ಟ್ ಒಂದಕ್ಕೆ. ಎಲ್ಲಿ?" ಎಂದು ಕೇಳುತ್ತಿದ್ದಳು. ಕುರ್ಚಿ ಹಿಂದೆ ಸರಿದ ಸದ್ದು. ವಕೀಲರು ಎಂಬ ಮಾತು. ಗೇಟಿನ ಸದ್ದು. "ಗುತ್ತಿಗೆ ಯಾವಾಗ ರದ್ದು ಮಾಡ್ತೀರಿ ಸಾರ್?" ಎಂದು ಮಿರ್ನಾ ಗೇಟಿನವರೆಗೂ ಕೇಳಿದಳು. ಆಮೇಲೆ, ತುಸು ಏದುಸಿರು ಬಿಡುತ್ತ: "ನ್ಯಾ ಎಲಾದಿಯಾ, ಲೈನಲ್ಲಿದ್ದೀರಾ? ಹೆಸರು ಹೇಳಬೇಕಾಗಿರಲಿಲ್ಲ ನೀವು."

"ಪರವಾಗಿಲ್ಲ," ಎಂದಳು ಎಲಾದಿಯಾ. "ನಾನು ಇನ್ನೂ ಹೇಳೇ ಇಲ್ಲ. ಹೇಳ್ಲಾ? ಮೊದಲು ರಿಬ್ಬನ್ ಯಾಕೆ ಮುಗೀತು ಅಂತ ಹೇಳಬೇಕು..."

"ಹೇಳಿ. ಎದುರು ಕುರ್ಚಿ ಖಾಲಿ ಇದೆ. ಇನ್ನೂ ಹನ್ನೆರಡು ನಿಮಿಷ ಇದೆ."

ಏನು ನಡೆಯುತ್ತಿದೆ ಎಂದು ತಿಳಿಯದ ಒಬ್ಬ ಗಿರಾಕಿ ಗುಂಪನ್ನು ಸೀಳಿಕೊಂಡು ಬಂದು ಅಂಗಡಿಯ ಹಲಗೆ ತಟ್ಟಿದ. "ಒಂದು ಪುದೀನ ಕೊಡ್ತೀರಾ ಇಲ್ವಾ? ಆಗಲಿಂದ ನಿಂತಿದ್ದೀನಿ."

"ಒಂದ್ನಿಮಿಷ ಸುಮ್ನಿರಪ್ಪಾ!" ಎಂದು ಗದರಿದಳು ಎಲಾದಿಯಾ. "ಕಾಣ್ಸಲ್ವಾ? ದೇಶದ ಜೊತೆ ಮಾತಾಡ್ತಾ ಇದ್ದೀನಿ."

ಇಪ್ಪತ್ತು ಸೆಕೆಂಡು ಬಿಟ್ಟು, ನಾಲ್ಕೂ ಬಾಗಿಲು ತೆರೆದ ಟ್ಯಾಕ್ಸಿಯೊಳಗಿಂದ ಆ ಗದರಿಕೆ ಇಡೀ ಬೀದಿಗೆ ಕೇಳಿಸಿತು.